ಮಳೆ ಬಂದರೆ ಕೆಂಪು ದೀಪ: ತೀರ್ಥಹಳ್ಳಿ ಕಡೆಯ ಒಂದು ಸೋಲಾರ್ ರಿಪೇರಿ

ತೀರ್ಥಹಳ್ಳಿ ಹತ್ತಿರದ ನಮ್ಮ ಮಾವನ ಮನೆಯ ತಾರಸಿ ಮೇಲೆ 540 ವ್ಯಾಟಿನ ಆರು ಪ್ಯಾನೆಲ್‌ಗಳಿವೆ. ಒಟ್ಟು 3.24 ಕಿಲೋವ್ಯಾಟ್. ಆರನ್ನೂ ಸರಣಿಯಲ್ಲಿ ಜೋಡಿಸಿದ್ದಾರೆ, ಅಂದರೆ ಒಂದೇ ಸ್ಟ್ರಿಂಗ್. ಬ್ಯಾಟರಿ ಇಲ್ಲ, ಕರೆಂಟ್ ಇನ್ವರ್ಟರ್ (ಪ್ಯಾನೆಲ್ಲಿನ ಡಿಸಿ, ಅಂದರೆ ಒಂದೇ ದಿಕ್ಕಿನ ಕರೆಂಟನ್ನು, ಮನೆಯಲ್ಲಿ ಬಳಸುವ ಎಸಿಯಾಗಿ ಬದಲಿಸುವ ಪೆಟ್ಟಿಗೆ) ಮೂಲಕ ನೇರ ಗ್ರಿಡ್ಡಿಗೆ, ಅಂದರೆ ಊರಿನ ವಿದ್ಯುತ್ ಲೈನಿಗೆ, ಹೋಗುತ್ತದೆ. 2024ರಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಬಂದಾಗ, 78,000 ರೂಪಾಯಿ ಸಬ್ಸಿಡಿ ಸಿಗುತ್ತದೆ ಅಂತ ಹಾಕಿಸಿದ್ದು. ಬೇಸಿಗೆಯಲ್ಲಿ ಯಾವ ತಕರಾರೂ ಇರಲಿಲ್ಲ. ಆರಿದ್ರಾ ಮಳೆ ಹಿಡಿದ ಮೇಲೆ ಇನ್ವರ್ಟರ್ ರಾಗ ತೆಗೆಯಲು ಶುರು ಮಾಡಿತು.

"ಬೆಳಿಗ್ಗೆ ಕೆಂಪು ಲೈಟು ಮಾರಾಯ. ಹನ್ನೊಂದು ಗಂಟೆಗೆ ಚೂರು ಬಿಸಿಲು ಬಿದ್ದರೆ ತನ್ನಷ್ಟಕ್ಕೇ ಹಸಿರಾಗ್ತದೆ. ಮಳೆ ಬಿಡದಿದ್ದರೆ ಇಡೀ ದಿನ ಸತ್ತ ಹಾಗೆ ಇರ್ತದೆ" ಅಂತ ಮಾವ ಫೋನಿನಲ್ಲಿ ಹೇಳಿದರು. ಅವರಿಗೆ ಗುಮಾನಿ ಮಂಗಗಳ ಮೇಲೆ. ಹಾಕಿಕೊಟ್ಟವರು ಮಾತ್ರ "ಲೈನ್ ವೋಲ್ಟೇಜ್ ಪ್ರಾಬ್ಲಮ್ಮು, ಮಳೆಗಾಲ ಮುಗಿದರೆ ಸರಿಹೋಗುತ್ತೆ" ಅಂದು ಕೈ ತೊಳೆದುಕೊಂಡಿದ್ದರು. ಮಳೆಗಾಲ ಮುಗಿದರೆ ಸರಿಹೋಗುತ್ತದೆ ಅನ್ನುವುದೇನೋ ನಿಜ. ಮುಂದಿನ ಮಳೆಗಾಲದವರೆಗೆ.

ಇನ್ವರ್ಟರಿನ ಸ್ಕ್ರೀನ್ ನೋಡಿದರೆ ಲೈನ್ ವೋಲ್ಟೇಜಿನ ಮಾತೇ ಇರಲಿಲ್ಲ. ಅಲ್ಲಿದ್ದದ್ದು 'ಐಸೋ ಫಾಲ್ಟ್'. ಅಂದರೆ ಪ್ಯಾನೆಲ್ ಕಡೆಯ ಡಿಸಿ ತಂತಿಗೂ ನೆಲಕ್ಕೂ ನಡುವೆ ಇರಬೇಕಾದ ಇನ್ಸುಲೇಷನ್ ಸೋರುತ್ತಿದೆ. ಟ್ರಾನ್ಸ್‌ಫಾರ್ಮರ್ ಇಲ್ಲದ ಈಗಿನ ಇನ್ವರ್ಟರ್‌ಗಳು ಬೆಳಿಗ್ಗೆ ಗ್ರಿಡ್ಡಿಗೆ ಸೇರುವ ಮುಂಚೆ ಇದನ್ನು ತಾವೇ ಅಳೆದು ನೋಡಲೇಬೇಕು. ಅಂತರರಾಷ್ಟ್ರೀಯ ವಿದ್ಯುತ್ ಮಾನಕ ಐಇಸಿ 62109ರ ಎರಡನೇ ಭಾಗದ ನಿಯಮ ಅದು. ನಮ್ಮ ಭಾರತೀಯ ಮಾನಕದಲ್ಲಿ ಅದೇ ಐಎಸ್ 16221. ಇನ್ವರ್ಟರಿನ ಗರಿಷ್ಠ ಡಿಸಿ ವೋಲ್ಟೇಜನ್ನು 30 ಮಿಲಿಆಂಪಿಯರ್‌ನಿಂದ ಭಾಗಿಸಿದರೆ ಕನಿಷ್ಠ ಎಷ್ಟು ಓಮ್ ಇರಬೇಕು ಅಂತ ಬರುತ್ತದೆ. 600 ವೋಲ್ಟಿನದ್ದಕ್ಕೆ 20 ಕಿಲೋಓಮ್. ಕಂಪನಿಯವರು ಸಾಮಾನ್ಯವಾಗಿ ಇದಕ್ಕಿಂತ ಮೇಲೇ ಇಡುತ್ತಾರೆ. ಈ ಇನ್ವರ್ಟರಿನ ಕೈಪಿಡಿಯಲ್ಲಿ 200 ಕಿಲೋಓಮ್ ಇತ್ತು. ಮೆನುವಿನಲ್ಲಿ ಆ ಹೊತ್ತಿಗೆ ತೋರಿಸುತ್ತಿದ್ದದ್ದು 58.

ಅಂದರೆ ಇನ್ವರ್ಟರ್ ಕೆಟ್ಟಿಲ್ಲ. ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ಎಷ್ಟೋ ಕಡೆ ಇಂಥ ಇನ್ವರ್ಟರನ್ನು ಬಿಚ್ಚಿ ಸರ್ವಿಸ್‌ಗೆ ಕಳಿಸುತ್ತಾರೆ. ಅಲ್ಲಿ ಟೇಬಲ್ ಮೇಲಿಟ್ಟು ಓಡಿಸಿದರೆ ಚೆನ್ನಾಗಿಯೇ ಓಡುತ್ತದೆ, ವಾಪಸ್ ಬರುತ್ತದೆ, ಮತ್ತೆ ಮಳೆ.

ಮುಂದೆ ಹೋಗುವ ಮುಂಚೆ ಒಂದು ಮಾತು. ನನಗೆ ವೈರ್‌ಮನ್ ಪರ್ಮಿಟ್ ಇದೆ, ಸೋಲಾರ್ ಕೆಲಸವನ್ನೇ ಮಾಡುತ್ತೇನೆ. ಅದಿಲ್ಲದವರು ಇದನ್ನು ಓದಿ ತಾರಸಿ ಹತ್ತಬೇಡಿ. ಮನೆಯ ಎಲ್ಲ ಸ್ವಿಚ್ ಆಫ್ ಮಾಡಿದರೂ ಬೆಳಕು ಇರುವಷ್ಟು ಹೊತ್ತು ಪ್ಯಾನೆಲ್ ಕಡೆ ತಂತಿಯಲ್ಲಿ 280 ವೋಲ್ಟ್ ಇದ್ದೇ ಇರುತ್ತದೆ. ಸೂರ್ಯನಿಗೆ ಮೇನ್ ಸ್ವಿಚ್ ಇಲ್ಲ.

ಸೋರುವ ಜಾಗ ಹುಡುಕಿದ್ದು

ಇಂಥ ಫಾಲ್ಟು ಹಿಡಿಯಬೇಕಾದರೆ ಒದ್ದೆ ಇರುವಾಗಲೇ ಹೋಗಬೇಕು. ಒಣಗಿದ ಮೇಲೆ ಮೀಟರಿಗೆ ಏನೂ ಸಿಗುವುದಿಲ್ಲ. ಹಾಗಾಗಿ ರಾತ್ರಿಯೇ ಮಾವನ ಮನೆಗೆ ಹೋಗಿ ಉಳಿದು, ಬೆಳಿಗ್ಗೆ ಕಾಫಿಗೂ ಮುಂಚೆ ಮೀಟರ್ ಹಿಡಿದೆ.

ಮೊದಲು ಇನ್ವರ್ಟರಿನ ಎಸಿ ಕಡೆ ಆಫ್, ಆಮೇಲೆ ಡಿಸಿ ಕಡೆ ಆಫ್. ಡಿಸಿ ತಂತಿಗೆ ಕ್ಲ್ಯಾಂಪ್ ಮೀಟರ್ ಹಾಕಿ ಕರೆಂಟ್ ಸೊನ್ನೆ ಅಂತ ಕಣ್ಣಾರೆ ನೋಡಿದ ಮೇಲೆಯೇ ಕನೆಕ್ಟರ್ ಬಿಚ್ಚಿದ್ದು. ಎಂಸಿ4 ಕನೆಕ್ಟರನ್ನು (ಪ್ಯಾನೆಲ್ ತಂತಿಗಳನ್ನು ಸೇರಿಸುವ ಗಂಡು-ಹೆಣ್ಣು ಜೋಡಿ) ಕರೆಂಟ್ ಹರಿಯುತ್ತಿರುವಾಗ ಎಳೆದರೆ ಆರ್ಕ್, ಅಂದರೆ ಗಾಳಿಯಲ್ಲೇ ಉರಿಯುವ ಕಿಡಿ, ಹತ್ತಿಕೊಳ್ಳುತ್ತದೆ. ಎಸಿಯಲ್ಲಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುತ್ತದೆ, ಕಿಡಿ ಆರಲು ಅಷ್ಟು ಸಲ ಅವಕಾಶ. ಡಿಸಿಯಲ್ಲಿ ಆ ಬಿಡುವೇ ಇಲ್ಲ.

ಸ್ಟ್ರಿಂಗ್ ಬಿಡಿಸಿದ ಮೇಲೆ ಮೂರು ಅಳತೆ ತೆಗೆದೆ. ಪ್ಲಸ್‌ಗೂ ಮೈನಸ್‌ಗೂ ನಡುವೆ 284 ವೋಲ್ಟ್. ಪ್ಲಸ್‌ಗೂ ಅರ್ತ್‌ಗೂ 188. ಮೈನಸ್‌ಗೂ ಅರ್ತ್‌ಗೂ 94. ಸೋರಿಕೆ ಇಲ್ಲದಿದ್ದರೆ ಕೊನೆಯ ಎರಡೂ ರೀಡಿಂಗ್ ಮೀಟರ್ ಇಟ್ಟ ಸ್ವಲ್ಪ ಹೊತ್ತಿನಲ್ಲೇ ಇಳಿದು ಇಳಿದು ಸೊನ್ನೆಯ ಹತ್ತಿರ ಬರಬೇಕಿತ್ತು. ಇಲ್ಲಿ ಗಟ್ಟಿಯಾಗಿ ನಿಂತವು. ಇನ್ನು ಲೆಕ್ಕ ಸುಲಭ. 284ನ್ನು ಆರರಿಂದ ಭಾಗಿಸಿದರೆ ಒಂದು ಪ್ಯಾನೆಲ್ಲಿಗೆ ಸುಮಾರು 47. ಮೈನಸ್ ಕಡೆಯಿಂದ 94 ಅಂದರೆ ಸರಿಯಾಗಿ ಎರಡು ಪ್ಯಾನೆಲ್. ಮೈನಸ್ ತುದಿಯಿಂದ ಎಣಿಸಿದರೆ ಎರಡನೇ ಮತ್ತು ಮೂರನೇ ಪ್ಯಾನೆಲ್ ನಡುವೆ ಎಲ್ಲೋ ತಂತಿ ನೆಲ ಮುಟ್ಟುತ್ತಿದೆ. ಆರು ಪ್ಯಾನೆಲ್ಲನ್ನೂ ಬಿಚ್ಚುವ ಕೆಲಸ ಉಳಿಯಿತು. ಮಂಗಗಳೂ ಬಚಾವಾದವು.

ತಾರಸಿ ತುಂಬ ಪಾಚಿ. ಮಲೆನಾಡಿನ ತಾರಸಿಯಲ್ಲಿ ಕರೆಂಟಿಗಿಂತ ಮೊದಲು ಕಾಲು ಜಾರುತ್ತದೆ. ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ, ಸೊಂಟಕ್ಕಷ್ಟೇ ಅಲ್ಲದೆ ಇಡೀ ಮೈಗೆ ಬರುವ ಹಾರ್ನೆಸ್ ಹಾಕಿ, ಹಗ್ಗವನ್ನು ಪಿಲ್ಲರಿಗೆ ಕಟ್ಟಿಕೊಂಡೆ. ಅತ್ತೆ ಕೆಳಗಿಂದ "ಇಷ್ಟೆಲ್ಲ ವೇಷ ಬೇಕಾ?" ಅಂತ ನಕ್ಕರು. ನಗಲಿ.

ಎರಡನೇ ಮೂರನೇ ಪ್ಯಾನೆಲ್ ನಡುವೆ ನೀರಿನ ಟ್ಯಾಂಕಿನ ಪೈಪ್ ಹಾದುಹೋಗಿದೆ. ಅದಕ್ಕೆ ಜಾಗ ಬಿಡಲು ಪ್ಯಾನೆಲ್‌ಗಳನ್ನು ಸ್ವಲ್ಪ ದೂರ ಕೂರಿಸಿದ್ದಾರೆ. ಪ್ಯಾನೆಲ್ ಜೊತೆಗೆ ಬಂದ ತಂತಿ ಸಾಲದೆ ನಡುವೆ ಒಂದು ತುಂಡು ಕೇಬಲ್ ಜೋಡಿಸಿ, ಎರಡೂ ತುದಿಗೆ ಬಜಾರಿನಲ್ಲಿ ಸಿಕ್ಕ ಕನೆಕ್ಟರ್ ಹಾಕಿದ್ದಾರೆ. ಅದನ್ನು ಕಟ್ಟಿದ್ದ ಬಿಳಿ ಪ್ಲಾಸ್ಟಿಕ್ ಟೈ ಬಿಸಿಲಿಗೆ ಪುಡಿಯಾಗಿ ಉದುರಿದೆ. ಕನೆಕ್ಟರ್ ಕೆಳಗೆ ಬಿದ್ದು ಸ್ಟ್ರಕ್ಚರಿನ ಸಿ-ಚಾನೆಲ್ ಒಳಗೆ ಮಲಗಿದೆ. ಆ ಚಾನೆಲ್ಲಿನಲ್ಲಿ ಬೆರಳು ಮುಳುಗುವಷ್ಟು ನೀರು, ಕೊಳೆತ ಎಲೆ.

ಬಿಚ್ಚಿ ನೋಡಿದೆ. ಗಂಡು ತುದಿ ಒಂದು ಕಂಪನಿಯದು, ಹೆಣ್ಣು ತುದಿ ಹೆಸರೇ ಇಲ್ಲದ್ದು. ಹಾಕಿದಾಗ 'ಟಕ್' ಅಂತ ಕೂತಿರುತ್ತದೆ, ನೋಡಲು ಸರಿಯಾಗಿಯೇ ಕಾಣುತ್ತದೆ. ಆದರೆ ಒಳಗಿನ ರಬ್ಬರ್ ರಿಂಗ್ ಒಂದು ಕಡೆ ಒತ್ತಿಕೊಂಡು ಇನ್ನೊಂದು ಕಡೆ ಸಡಿಲವಾಗಿತ್ತು. ಪಿನ್ನಿನ ಮೇಲೆ ಹಸಿರು ಕಿಲುಬು. ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು, ಅಂದರೆ ಬೇಸಿಗೆಯಲ್ಲಿ ಬಿಸಿಯೂ ಆಗುತ್ತಿತ್ತು. ಹಿಂದಿನ ನಟ್ ತಿರುಗಿಸಿದರೆ ಕೈಯಲ್ಲೇ ಬಂತು. ಒಳಗೆ ತಂತಿಯನ್ನು ಕ್ರಿಂಪಿಂಗ್ ಟೂಲ್ ಬದಲು ಇಕ್ಕಳದಲ್ಲಿ ಜಜ್ಜಿದ್ದಾರೆ. ಎಳೆಗಳಲ್ಲಿ ಕೆಲವು ಹೊರಗೇ ಇದ್ದವು.

ಪ್ಯಾನೆಲ್ ಜೋಡಣೆಯ ಮಾನಕ ಐಇಸಿ 62548 ಇದನ್ನು ನೇರವಾಗಿ ಹೇಳುತ್ತದೆ: ಒಂದಕ್ಕೊಂದು ಸೇರುವ ಎರಡು ಕನೆಕ್ಟರ್‌ಗಳು ಒಂದೇ ತಯಾರಕರದ್ದು, ಒಂದೇ ಮಾದರಿಯದ್ದು ಆಗಿರಬೇಕು. 'ಎಂಸಿ4ಗೆ ಹೊಂದುತ್ತದೆ' ಅಂತ ಪ್ಯಾಕೆಟ್ ಮೇಲೆ ಬರೆದಿದ್ದರೆ ಸಾಲದು. ಇದು ಅಂಗಡಿಯವರಿಗೆ ಹೇಳಿದರೆ ನಗುತ್ತಾರೆ, "ಎಲ್ಲಾ ಒಂದೇ ಸಾರ್" ಅಂತಾರೆ. ಈ ಕಿಲುಬನ್ನು ನೋಡಿದರೆ ಗೊತ್ತಾಗುತ್ತದೆ ಒಂದೇ ಅಲ್ಲ ಅಂತ.

ಆ ತುಂಡನ್ನು ತೆಗೆದು ಬಿಸಾಕಿದೆ. ಐಎಸ್ 17293 ಗುರುತಿರುವ, ತವರ ಲೇಪದ ತಾಮ್ರದ 4 ಚದರ ಮಿಲಿಮೀಟರ್ ಸೋಲಾರ್ ಕೇಬಲ್ ತಂದೆ. ಪ್ಯಾನೆಲ್ ತಯಾರಕರು ಹಾಕಿದ್ದ ಕನೆಕ್ಟರ್ ಯಾವುದು ಅಂತ ನೋಡಿ ಅದನ್ನೇ ಶಿವಮೊಗ್ಗದಿಂದ ತರಿಸಿದೆ. ಸರಿಯಾದ ಟೂಲಿನಲ್ಲಿ ಕ್ರಿಂಪ್ ಮಾಡಿ, ಎಳೆದು ನೋಡಿ, ಸ್ಪ್ಯಾನರ್‌ನಲ್ಲಿ ನಟ್ ಬಿಗಿ ಮಾಡಿದೆ. ಕೇಬಲನ್ನು ಸ್ಟೇನ್‌ಲೆಸ್ ಸ್ಟೀಲ್ ಕ್ಲಿಪ್ಪಿನಲ್ಲಿ ಪ್ಯಾನೆಲ್ ಫ್ರೇಮಿಗೇ ಕಟ್ಟಿದೆ. ಕನೆಕ್ಟರ್ ಈಗ ಯಾವ ಲೋಹವನ್ನೂ ಮುಟ್ಟದೆ, ನೀರು ನಿಲ್ಲದ ಕಡೆ ನೇತಾಡುತ್ತದೆ. ಸಿ-ಚಾನೆಲ್ಲಿನ ಎಲೆ ತೆಗೆದು ನೀರು ಇಳಿದುಹೋಗುವ ಹಾಗೆ ಒಂದು ತೂತು ಕೊರೆದು, ಕೊರೆದ ಜಾಗಕ್ಕೆ ಜಿಂಕ್ ಪೇಂಟ್ ಬಳಿದೆ.

ಆಮೇಲೆ ಮೆಗ್ಗರ್, ಅಂದರೆ ಇನ್ಸುಲೇಷನ್ ಅಳೆಯುವ ಮೀಟರ್. ಐಇಸಿ 62446-1 ಪ್ರಕಾರ ಇಷ್ಟು ವೋಲ್ಟೇಜಿನ ಸ್ಟ್ರಿಂಗಿಗೆ 500 ವೋಲ್ಟ್ ಹಾಕಿ ನೋಡಬೇಕು, ಕನಿಷ್ಠ 1 ಮೆಗಾಓಮ್ ಬರಬೇಕು. ಅದಕ್ಕೆ ಮುಂಚೆ ಡಿಸಿ ಬಾಕ್ಸಿನ (ಪ್ಯಾನೆಲ್‌ಗೂ ಇನ್ವರ್ಟರಿಗೂ ನಡುವಿನ ಸ್ವಿಚ್ ಡಬ್ಬ) ಎಸ್‌ಪಿಡಿ ಕಾರ್ಟ್ರಿಜ್‌ಗಳನ್ನು, ಅಂದರೆ ಸಿಡಿಲಿನ ಸರ್ಜನ್ನು (ದಿಢೀರ್ ನುಗ್ಗುವ ವೋಲ್ಟೇಜನ್ನು) ನೆಲಕ್ಕೆ ಇಳಿಸುವ ಬಿಲ್ಲೆಗಳನ್ನು, ಎಳೆದು ತೆಗೆಯಬೇಕು, ಇಲ್ಲದಿದ್ದರೆ ಮೆಗ್ಗರ್ ಅದನ್ನೇ ಅಳೆದು ಸುಳ್ಳು ಹೇಳುತ್ತದೆ. ಪ್ಯಾನೆಲ್‌ಗಳ ಮೇಲೆ, ಕೆಳಗೆ ಬಕೆಟ್‌ಗಟ್ಟಲೆ ನೀರು ಸುರಿದು ಒದ್ದೆಯಲ್ಲೇ ಅಳೆದೆ. 11 ಮೆಗಾಓಮ್.

ಇಲ್ಲಿಗೆ ಕೆಂಪು ದೀಪದ ಕತೆ ಮುಗಿಯಿತು. ಆದರೆ ಕಾರ್ಟ್ರಿಜ್ ತೆಗೆಯಲು ಡಿಸಿ ಬಾಕ್ಸಿನ ಮುಚ್ಚಳ ತೆಗೆದಿದ್ದೆನಲ್ಲ, ಅಲ್ಲಿ ಇನ್ನೊಂದು ಕತೆ ಇತ್ತು.

ಡಿಸಿ ಬಾಕ್ಸ್ ಒಳಗೆ

ಡಬ್ಬ ಐಪಿ65ನದ್ದೇ, ಅಂದರೆ ಧೂಳು, ನೀರು ಒಳಗೆ ಹೋಗದಂಥದ್ದು. ಆದರೆ ಕೇಬಲ್ ಒಳಗೆ ಹೋಗಲು ನೆತ್ತಿಯ ಮೇಲೆ ತೂತು ಕೊರೆದಿದ್ದರು, ಕೇಬಲ್ ಸುತ್ತ ಬಿಗಿದು ನೀರು ತಡೆಯುವ ಗ್ಲ್ಯಾಂಡ್ ಇಲ್ಲ. ಅಲ್ಲಿಗೆ ಐಪಿ65 ಬರೀ ಸ್ಟಿಕ್ಕರ್ ಆಯಿತು. ತಳದಲ್ಲಿ ನೀರು ಒಣಗಿದ ಗೆರೆ, ಇರುವೆ ಮಣ್ಣು.

ಒಳಗಿದ್ದ ಎಂಸಿಬಿಯ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಮೇಲೆ 230/400, ಅದರ ಪಕ್ಕ ಅಲೆಯ ಚಿಹ್ನೆ. ಎಸಿ ಎಂಸಿಬಿ! ಡಿಸಿ ಸ್ಟ್ರಿಂಗಿಗೆ ಮನೆಯ ಬೋರ್ಡಿಗೆ ಹಾಕುವ ಎಂಸಿಬಿ ಹಾಕಿದ್ದಾರೆ. ನನಗೆ ಸಿಟ್ಟು ಬಂದದ್ದು ಇಲ್ಲೇ. ಅದರೊಳಗೆ ಆರ್ಕ್ ಆರಿಸುವ ವ್ಯವಸ್ಥೆ ಇರುವುದು ಸೊನ್ನೆ ಮುಟ್ಟಿ ಬರುವ ಕರೆಂಟಿಗೆ. 280 ವೋಲ್ಟ್ ಡಿಸಿಯನ್ನು ಲೋಡಿನಲ್ಲಿ ಅದರಿಂದ ಆಫ್ ಮಾಡಿದರೆ ಒಳಗೇ ಉರಿಯುತ್ತಾ ಕೂರಬಹುದು. ಮಾವ ಗುಡುಗು ಬಂದಾಗಲೆಲ್ಲ ಜಾಗ್ರತೆಗೆ ಅಂತ ಇದನ್ನೇ ಆಫ್ ಮಾಡುತ್ತಿದ್ದರಂತೆ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಈ ಪ್ಯಾನೆಲ್‌ಗಳನ್ನು ನೇರ ಶಾರ್ಟ್ ಮಾಡಿದರೂ ಬರುವುದು 14 ಆಂಪಿಯರ್ ಒಳಗೆ. ಕೆಲಸ ಮಾಡುವಾಗ ಹರಿಯುವುದೇ 13ರ ಹತ್ತಿರ. ಅಂದಮೇಲೆ 16 ಆಂಪಿಯರ್ ಎಂಸಿಬಿ ಯಾವ ಶಾರ್ಟಿಗೂ ಟ್ರಿಪ್ ಆಗುವುದಿಲ್ಲ. ಗ್ರಿಡ್ ಶಾರ್ಟ್ ಆದರೆ ನೂರಾರು ಆಂಪಿಯರ್ ನುಗ್ಗುತ್ತದೆ, ಪ್ಯಾನೆಲ್‌ಗೆ ಆ ತಾಕತ್ತಿಲ್ಲ. ಒಂದೇ ಸ್ಟ್ರಿಂಗ್ ಇರುವಾಗ ಫ್ಯೂಸೂ ಬೇಕಾಗಿಲ್ಲ, ಪಕ್ಕದ ಸ್ಟ್ರಿಂಗಿನಿಂದ ವಾಪಸ್ ನುಗ್ಗಲು ಪಕ್ಕದ ಸ್ಟ್ರಿಂಗೇ ಇಲ್ಲವಲ್ಲ. ಇಲ್ಲಿ ಬೇಕಾದದ್ದು ಲೋಡಿನಲ್ಲೂ ನಿರ್ಭಯವಾಗಿ ಆಫ್ ಮಾಡಬಹುದಾದ ಡಿಸಿ ಐಸೊಲೇಟರ್. ಐಇಸಿ 60947-3ರಲ್ಲಿ ಸೋಲಾರಿಗೆಂದೇ ಡಿಸಿ-ಪಿವಿ2 ಅನ್ನುವ ವರ್ಗ ಇದೆ, ಅದನ್ನು ನೋಡಿ ತಂದು ಹಾಕಿದೆ. ಪೋಲ್‌ಗಳನ್ನು ಹೇಗೆ ಜೋಡಿಸಬೇಕು ಅಂತ ಐಸೊಲೇಟರ್ ಮೇಲೇ ಚಿತ್ರ ಇರುತ್ತದೆ. ಅದರ ಪ್ರಕಾರವೇ ಹೋಗಬೇಕು, ಅಂದಾಜಿಗಲ್ಲ.

ಎಸ್‌ಪಿಡಿಯ ಕಿಟಕಿ ಮೂರರಲ್ಲಿ ಎರಡು ಕೆಂಪು. ಏಪ್ರಿಲ್ ಮೇ ಗುಡುಗಿನಲ್ಲೇ ಸತ್ತಿರಬೇಕು. ಸತ್ತದ್ದು ತಪ್ಪಲ್ಲ, ಸಾಯಲಿಕ್ಕೇ ಇರುವುದು ಅದು. ಆದರೆ ಅದರಿಂದ ಅರ್ತ್‌ಗೆ ಹೋಗುವ ಹಸಿರು ತಂತಿ ಒಂದು ಮಾರಿಗಿಂತ ಉದ್ದ. ಜಾಸ್ತಿಯಾದದ್ದನ್ನು ಕತ್ತರಿಸದೆ ಚೆಂದಕ್ಕೆ ಸುರುಳಿ ಸುತ್ತಿ ಟೈ ಕಟ್ಟಿದ್ದಾರೆ. ಸಿಡಿಲಿನ ಸರ್ಜ್‌ಗೆ ತಂತಿಯ ಓಮ್ ಲೆಕ್ಕವಲ್ಲ, ಅದರ ಇಂಡಕ್ಟೆನ್ಸ್ (ಕರೆಂಟ್ ದಿಢೀರ್ ಏರುವುದನ್ನು ತಡೆಯುವ ಗುಣ) ಲೆಕ್ಕ. ಒಂದು ಮೀಟರ್ ತಂತಿಗೆ ಸುಮಾರು 1 ಮೈಕ್ರೋಹೆನ್ರಿ. ಕರೆಂಟ್ ಒಂದು ಮೈಕ್ರೋಸೆಕೆಂಡಿನಲ್ಲಿ 1,000 ಆಂಪಿಯರ್ ಏರಿದರೆ ಆ ಒಂದು ಮೀಟರಿನಲ್ಲೇ 1,000 ವೋಲ್ಟ್ ಏಳುತ್ತದೆ. ಸುರುಳಿ ಸುತ್ತಿದರೆ ಇನ್ನೂ ಜಾಸ್ತಿ. ಆ ವೋಲ್ಟೇಜೆಲ್ಲ ಇನ್ವರ್ಟರ್ ತಲೆ ಮೇಲೆ. ಅದಕ್ಕೇ ಎಸ್‌ಪಿಡಿಯ ಎರಡೂ ಕಡೆಯ ತಂತಿ ಸೇರಿ ಅರ್ಧ ಮೀಟರ್ ಮೀರಬಾರದು ಅನ್ನುವುದು ಐಇಸಿ 60364ರ ಮಾತು. ಬಾಕ್ಸನ್ನು ಕೆಳಗಿಳಿಸಿ, ಅರ್ತ್ ಬಾರನ್ನು ಅದರ ಪಕ್ಕಕ್ಕೇ ತಂದು ತಂತಿ ಒಂದು ಗೇಣಿಗೆ ಇಳಿಸಿದೆ. ಎಸ್‌ಪಿಡಿ ಹೊಸದು. ಕೇಬಲ್‌ಗಳು ಈಗ ತಳದಿಂದ, ಗ್ಲ್ಯಾಂಡ್ ಮೂಲಕ, ಕೆಳಗೊಂದು ಬಾಗು ತೆಗೆದುಕೊಂಡು ಒಳಗೆ ಹೋಗುತ್ತವೆ. ಮಳೆ ನೀರು ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

ಅರ್ತಿಂಗ್

ಫೈಲಿನಲ್ಲಿ ಅರ್ತ್ ಟೆಸ್ಟ್ ರಿಪೋರ್ಟ್ ಇತ್ತು. ಮೂರು ಪಿಟ್ (ಅರ್ತ್ ರಾಡ್ ಹೂತ ಗುಂಡಿ), ಮೂರಕ್ಕೂ 1.2 ಓಮ್. ಜಂಬಿಟ್ಟಿಗೆ ನೆಲದಲ್ಲಿ 1.2 ಓಮ್ ಅಂದರೆ ನಂಬುವವರು ಯಾರು? ಮೆತ್ತಗಿನ, ಹದವಾಗಿ ಒದ್ದೆ ಇರುವ, 100 ಓಮ್-ಮೀಟರ್ ರೆಸಿಸ್ಟಿವಿಟಿಯ ಮಣ್ಣಿನಲ್ಲೇ 3 ಮೀಟರಿನ ಒಂದು ರಾಡ್ ಕೊಡುವುದು ಸುಮಾರು 33 ಓಮ್. ಐಎಸ್ 3043ರಲ್ಲಿ ಸೂತ್ರ ಇದೆ, ಯಾರು ಬೇಕಾದರೂ ಹಾಕಿ ನೋಡಬಹುದು. ಜಂಬಿಟ್ಟಿಗೆ ಇನ್ನೂ ಗಟ್ಟಿ.

ಅರ್ತ್ ಟೆಸ್ಟರ್ ತಂದು ಮೂರು ಗೂಟದ ವಿಧಾನದಲ್ಲಿ ಅಳೆದೆ. ಕರೆಂಟ್ ಗೂಟ 30 ಮೀಟರ್ ದೂರ ಅಡಿಕೆ ತೋಟದೊಳಗೆ. ವೋಲ್ಟೇಜ್ ಗೂಟ ಅದರ 62 ಶೇಕಡದಲ್ಲಿ, 18.6 ಮೀಟರಿಗೆ. ಆಚೀಚೆ ಒಂದೆರಡು ಮೀಟರ್ ಸರಿಸಿ ರೀಡಿಂಗ್ ಬದಲಾಗುವುದಿಲ್ಲ ಅಂತ ಖಾತ್ರಿ ಮಾಡಿಕೊಂಡೆ. ಮಳೆಗಾಲದ ಒದ್ದೆ ನೆಲದಲ್ಲೇ ಡಿಸಿ ಪಿಟ್ 62 ಓಮ್, ಎಸಿ ಪಿಟ್ 74. 62 ಓಮ್ ಮೂಲಕ ಫೇಸ್ ನೆಲಕ್ಕೆ ಹರಿದರೆ 230 ವೋಲ್ಟಿಗೆ 3.7 ಆಂಪಿಯರ್. ಯಾವ ಎಂಸಿಬಿಗೂ ಅದು ಲೆಕ್ಕಕ್ಕಿಲ್ಲ. ಸ್ಟ್ರಕ್ಚರ್ ಮುಟ್ಟಿದವನಿಗೆ ಮಾತ್ರ ಲೆಕ್ಕಕ್ಕಿದೆ. ಹಾಗಾಗಿ ಮೊದಲು ಎಸಿ ಬಾಕ್ಸಿಗೆ, ನೆಲಕ್ಕೆ ಸ್ವಲ್ಪ ಕರೆಂಟ್ ಸೋರಿದರೂ ಆಫ್ ಆಗುವ ಆರ್‌ಸಿಸಿಬಿ ಹಾಕಿದೆ, ಇನ್ವರ್ಟರ್ ಕೈಪಿಡಿಯಲ್ಲಿ ಯಾವ ಟೈಪ್ ಹೇಳಿದ್ದಾರೋ ಅದನ್ನೇ.

ಹೊಸ ಪಿಟ್‌ಗೆ ಜಾಗ ಮಾವನೇ ತೋರಿಸಿದರು. ಬಚ್ಚಲ ನೀರು ಹೋಗಿ ಬೀಳುವ ಬಾಳೆ ಬುಡ. ವರ್ಷವಿಡೀ ಒದ್ದೆ, ಕಪ್ಪು ಮಣ್ಣು. ಅಲ್ಲಿ ತಾಮ್ರ ಲೇಪದ 3 ಮೀಟರಿನ ಎರಡು ರಾಡ್, ನಡುವೆ 6 ಮೀಟರ್ ಅಂತರ, ಸುತ್ತ ನೀರು ಹಿಡಿದಿಡುವ ಬೆಂಟೊನೈಟ್ ಜೇಡಿ. ಹತ್ತಿರ ಹತ್ತಿರ ಹಾಕಿದರೆ ಎರಡೂ ಒಂದೇ ಮಣ್ಣನ್ನು ಹಂಚಿಕೊಳ್ಳುತ್ತವೆ, ಪ್ರಯೋಜನ ಅರ್ಧ. ಅಲ್ಲಿಂದ ಮನೆಯವರೆಗೆ ಚರಂಡಿ ತೋಡಿ ಜಿಐ ಪಟ್ಟಿ ಹೂತೆವು. ಆ ಪಟ್ಟಿಯೂ ನೆಲ ಮುಟ್ಟುವುದರಿಂದ ಅದೂ ಒಂದು ಎಲೆಕ್ಟ್ರೋಡೇ.

ಲೈಟ್ನಿಂಗ್ ಅರೆಸ್ಟರಿನ (ಸಿಡಿಲನ್ನು ನೆಲಕ್ಕಿಳಿಸುವ ಕಂಬಿ) ಪಿಟ್ ಬೇರೆ ಇದೆ. "ಅದನ್ನು ಬೇರೆಯದಕ್ಕೆ ಮುಟ್ಟಿಸಬಾರದು, ಸಿಡಿಲು ಮನೆಯೊಳಗೆ ಬರ್ತದೆ" ಅಂತ ಊರಿನಲ್ಲೆಲ್ಲ ನಂಬಿಕೆ, ಹಾಕುವವರಲ್ಲೂ ಇದೆ. ಅರೆಸ್ಟರಿಗೆ ಅದರದ್ದೇ ಪಿಟ್ ಇರಲಿ, ಇಳಿಯುವ ತಂತಿ ಆದಷ್ಟು ನೇರ ಇರಲಿ, ಅದು ಸರಿ. ಆದರೆ ನೆಲದ ಮಟ್ಟದಲ್ಲಿ ಎಲ್ಲ ಪಿಟ್‌ಗಳೂ ಒಂದಕ್ಕೊಂದು ಸೇರಿರಬೇಕು, ಐಎಸ್/ಐಇಸಿ 62305 ಹೇಳುವುದು ಅದನ್ನೇ. ಯಾಕೆ? 10,000 ಆಂಪಿಯರಿನ ಸಿಡಿಲು 10 ಓಮಿನ ಪಿಟ್‌ಗೆ ಇಳಿದರೆ ಆ ಪಿಟ್ ಒಂದು ಲಕ್ಷ ವೋಲ್ಟಿಗೆ ಏರುತ್ತದೆ. ಪಕ್ಕದ ಪಿಟ್ ಸೊನ್ನೆಯಲ್ಲೇ ಕೂತಿರುತ್ತದೆ. ಆ ವ್ಯತ್ಯಾಸ ಎಲ್ಲೋ ಒಂದು ಕಡೆ ಹಾರುತ್ತದೆ, ಹೆಚ್ಚಾಗಿ ಇನ್ವರ್ಟರ್ ಒಳಗೇ. ಎಲ್ಲ ಸೇರಿದ್ದರೆ ಎಲ್ಲವೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ.

ಎಲ್ಲ ಜೋಡಿಸಿದ ಮೇಲೆ 4.6 ಓಮ್. ಸೋಲಾರ್ ಕೆಲಸದಲ್ಲಿ ಕೇಳುವ 5ರ ಒಳಗೆ ಬಂತು. ಆದರೆ ಇದು ಮಳೆಗಾಲದ ಅಂಕೆ. ಏಪ್ರಿಲ್‌ನಲ್ಲಿ ಏರುವುದು ಗ್ಯಾರಂಟಿ, ಆಗ ಮತ್ತೆ ಅಳೆದು, ಬೇಕಾದರೆ ಇನ್ನೊಂದು ರಾಡ್ ಸೇರಿಸಬೇಕು.

ಪ್ಯಾನೆಲ್ ಫ್ರೇಮುಗಳ ಅರ್ತಿಂಗ್ ಬೇಗ ಮುಗಿಯಿತು. ಅಲ್ಯೂಮಿನಿಯಂ ಫ್ರೇಮಿನ ಮೇಲಿನ ಅನೋಡೈಸಿಂಗ್ ಪದರಕ್ಕೆ ಕರೆಂಟ್ ಹರಿಯುವುದಿಲ್ಲ. ಬೋಲ್ಟ್ ಎಷ್ಟು ಬಿಗಿ ಮಾಡಿದರೂ ಮೀಟರ್ ಬೀಪ್ ಅನ್ನಲಿಲ್ಲ. ಹಲ್ಲಿರುವ ಸ್ಟೇನ್‌ಲೆಸ್ ವಾಷರ್ ಹಾಕಿ ಬಿಗಿದರೆ ಹಲ್ಲು ಪದರ ಕಚ್ಚಿ ಒಳಗಿಳಿಯುತ್ತದೆ. ಬೀಪ್. ಬರೀ ತಾಮ್ರದ ಲಗ್ ಅಲ್ಯೂಮಿನಿಯಂಗೆ ತಾಗಿದರೆ ಮಳೆಯಲ್ಲಿ ಕೊರೆದುಹೋಗುತ್ತದೆ, ಹಾಗಾಗಿ ತವರ ಲೇಪದ ಲಗ್.

ಲೈನ್‌ಮನ್‌ಗಾಗಿ

ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹರಿಯದ ವಾರ ಇಲ್ಲ. ಮೆಸ್ಕಾಂ ಲೈನ್‌ಮನ್ ಕಂಬ ಹತ್ತಿದಾಗ ನಮ್ಮ ಮನೆಯ ಸೋಲಾರ್ ಲೈನಿಗೆ ಕರೆಂಟ್ ಕೊಡುತ್ತಿದ್ದರೆ ಅವರ ಗತಿ? ಗ್ರಿಡ್ ಹೋದ 2 ಸೆಕೆಂಡಿನೊಳಗೆ ಇನ್ವರ್ಟರ್ ನಿಲ್ಲಬೇಕು, ಐಎಸ್ 16169ರ ಪರೀಕ್ಷೆ ಇರುವುದೇ ಇದಕ್ಕೆ. ಬಿಸಿಲು ಚೆನ್ನಾಗಿದ್ದಾಗ ಮೇನ್ ಆಫ್ ಮಾಡಿ ನೋಡಿದೆ. ನಾನು ಸ್ವಿಚ್ಚಿನಿಂದ ಕೈ ತೆಗೆಯುವಷ್ಟರಲ್ಲಿ ನಿಂತಿತ್ತು. ವಾಪಸ್ ಹಾಕಿದಾಗ ಸ್ಕ್ರೀನಿನಲ್ಲಿ 60ರಿಂದ ಇಳಿಯೆಣಿಕೆ ಶುರುವಾಗಿ, ಸೊನ್ನೆಗೆ ಬಂದ ಮೇಲೆ ಸೇರಿಕೊಂಡಿತು.

ಆದರೆ ಕಂಬದ ಮೇಲಿರುವವನು ಒಂದು ಚಿಪ್ಪನ್ನು ನಂಬಿ ಯಾಕೆ ಇರಬೇಕು? ಅದಕ್ಕೇ ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮಗಳು ಕೈಯಿಂದಲೇ ಆಫ್ ಮಾಡಿ ಬೀಗ ಹಾಕಬಹುದಾದ ಸ್ವಿಚ್ ಕೇಳುತ್ತವೆ. ಇಲ್ಲಿ ಅದು ಇತ್ತು, ಆದರೆ ಒಳಗೆ, ದೇವರ ಕೋಣೆಯ ಪಕ್ಕ. ಮನೆಯಲ್ಲಿ ಯಾರೂ ಇಲ್ಲದಾಗ ಲೈನ್‌ಮನ್ ಏನು ಮಾಡಬೇಕು? ಹೊರಗೆ ಜಗಲಿಗೆ, ಮೀಟರ್ ಬೋರ್ಡಿನ ಪಕ್ಕಕ್ಕೆ ತಂದೆ. ಅದರ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬೋರ್ಡ್: 'ಈ ಮನೆಯಲ್ಲಿ ಸೋಲಾರ್ ಇದೆ. ಎರಡು ಕಡೆಯಿಂದ ಕರೆಂಟ್ ಬರುತ್ತದೆ. ಕೆಲಸಕ್ಕೆ ಮುಂಚೆ ಇದನ್ನು ಆಫ್ ಮಾಡಿ ಬೀಗ ಹಾಕಿ.' ಡಿಸಿ ಬಾಕ್ಸಿಗೆ ಇನ್ನೊಂದು: 'ಆಫ್ ಮಾಡಿದರೂ ಹಗಲಲ್ಲಿ ಒಳಗೆ 300 ವೋಲ್ಟ್.' ಮುಂಚೆ ಇದ್ದ ಸ್ಟಿಕ್ಕರ್ ಇಂಗ್ಲಿಷಿನಲ್ಲಿತ್ತು, ಅದೂ ಬಿಸಿಲಿಗೆ ಬೆಳ್ಳಗಾಗಿತ್ತು.

ಮಾವ ಕರೆಂಟ್ ಹೋದಾಗ ಅಡಿಕೆ ಸುಲಿಯುವ ಮಷಿನ್ನಿಗೆ ಡೀಸೆಲ್ ಜನರೇಟರ್ ಓಡಿಸುತ್ತಾರೆ. ಮೆಸ್ಕಾಂ ಲೈನಿಗೂ ಜನರೇಟರಿಗೂ ಬದಲಿಸುವ ಚೇಂಜ್‌ಓವರ್ ಸ್ವಿಚ್ಚಿನ ಯಾವ ಕಡೆ ಸೋಲಾರ್ ಸೇರಿದೆ ಅಂತ ಪತ್ತೆ ಹಚ್ಚಿದೆ. ಸೋಲಾರ್ ಇನ್ವರ್ಟರ್ ಜನರೇಟರನ್ನೇ ಗ್ರಿಡ್ ಅಂದುಕೊಂಡು ಅದಕ್ಕೆ ಕರೆಂಟ್ ನುಗ್ಗಿಸಿದರೆ ಜನರೇಟರ್ ಉಳಿಯುವುದಿಲ್ಲ. ಪುಣ್ಯಕ್ಕೆ ಸೋಲಾರು ಆ ಸ್ವಿಚ್ಚಿನ ಮೆಸ್ಕಾಂ ಕಡೆಗೇ ಸೇರಿತ್ತು, ಜನರೇಟರ್ ಓಡುವಾಗ ಬೇರೆಯಾಗುತ್ತದೆ. ಅದನ್ನು ಮುಟ್ಟಲಿಲ್ಲ.

ಪುಷ್ಯ ಮಳೆ ಜಡಿದು ಸುರಿಯುವಾಗ ಮಾವ ಬೆಳಿಗ್ಗೆಯ ಸ್ಕ್ರೀನಿನ ಫೋಟೊ ಕಳಿಸಿದರು. ಹಸಿರು. ಉತ್ಪಾದನೆ ಹೇಳಿಕೊಳ್ಳುವಷ್ಟೇನಿಲ್ಲ, ಆ ಮೋಡದಲ್ಲಿ ಎಲ್ಲಿಂದ ಬರಬೇಕು. ಈಗ ಅವರಿಗೆ ಬ್ಯಾಟರಿ ಬೇಕಂತೆ. ಅಡಿಕೆ ಅಟ್ಟದ ಕೆಳಗೆ ಬೇಕಾದಷ್ಟು ಜಾಗ ಇದೆ ಅಂತಾರೆ. ಒಣ ಅಡಿಕೆ ಚೀಲದ ಪಕ್ಕ ನಾನು ಲಿಥಿಯಂ ಇಡುವುದಿಲ್ಲ ಅಂದಿದ್ದೇನೆ. ಹೊರಗೆ, ಕೊಟ್ಟಿಗೆಯಿಂದ ಆಚೆ ಇಟ್ಟಿಗೆಯ ಒಂದು ಸಣ್ಣ ಗೂಡು, ಗಾಳಿಯಾಡಲು ಕಿಂಡಿ, ಐಇಸಿ 62619 ಪಾಸಾದ ಬ್ಯಾಟರಿ. ಅಷ್ಟಾದರೆ ಮಾಡಿಕೊಡುತ್ತೇನೆ. "ನೋಡುವ, ಅಡಿಕೆ ರೇಟು ಹೇಗೆ ಬರ್ತದೆ" ಅಂದಿದ್ದಾರೆ.